ಕೆಳಗಿನ ಫ್ಯಾನು ತಿರುಗಿಸಿದ ಕೈ

"ಆ ಫ್ಯಾನು ನಾನು ಹಂಗೆ ಹಾಕಿದ್ದಲ್ಲ."

ಪವಿತ್ರಾ ಇದನ್ನು ಹೇಳುತ್ತಿದ್ದುದು ಮೂರನೆಯ ಸಲ. ಮೊದಲ ಸಲ ಮೆಲ್ಲಗೆ ಹೇಳಿದ್ದಳು. ಎರಡನೆಯ ಸಲ ಹಲ್ಲು ಕಚ್ಚಿಕೊಂಡು. ಈಗ ಅಂಗೈಯಿಂದ ಮೇಜಿಗೆ ಹೊಡೆದಳು. ಮೇಜಿನ ಅಂಚಿನಲ್ಲಿದ್ದ ಲೆನ್ಸಿನ ಮುಚ್ಚಳ ಉರುಳಿ ನೆಲಕ್ಕೆ ಬಿತ್ತು.

"ನೀನು ಹಾಕ್ದೆ ಇದ್ರೆ ಅದೇ ತಿರುಗಿ ಕೂತ್ಕತ್ತಾ?" ಎಂದ ಬಸವಪ್ರಸಾದ್.

ಸ್ಟುಡಿಯೊ ಅವನದು. ಹೆಗ್ಗಡದೇವನಕೋಟೆಯಿಂದ ಸರಗೂರಿಗೆ ಹೋಗುವ ರಸ್ತೆಯ ಬದಿಯಲ್ಲಿ, ಶೀಟಿನ ಮಾಡಿನ ಉದ್ದನೆಯ ಕೋಣೆ. ಮಾರ್ಚ್ ತಿಂಗಳ ಗುರುವಾರ, ಮಧ್ಯಾಹ್ನ ಎರಡೂವರೆ. ಒಳಗಿನ ಸೆಕೆಗೆ ಗೋಡೆಯ ಮೇಲಿನ ಮದುವೆ ಫೋಟೊಗಳ ಮೂಲೆಗಳು ಮುದುರಿಕೊಂಡಿದ್ದವು.

ಮೇಜಿನ ಮೇಲೆ ಕಂಪ್ಯೂಟರಿನ ಕಪ್ಪು ಪೆಟ್ಟಿಗೆ ನಿಂತಿತ್ತು. ಅದರ ಪಕ್ಕದ ಬಾಗಿಲನ್ನು ಕಳಚಿ ಗೋಡೆಗೆ ಒರಗಿಸಿದ್ದರು. ಆರು ತಿಂಗಳ ಹಿಂದೆ ಹುಣಸೂರಿನ ತನ್ನ ಅಂಗಡಿಯಲ್ಲಿ ಕೂತು ಅದನ್ನು ಜೋಡಿಸಿಕೊಟ್ಟವಳು ಪವಿತ್ರಾ.

ಶನಿವಾರ ಬೆಳಿಗ್ಗೆ ಇದೇ ಸ್ಟುಡಿಯೊದ ಮುಂದೆ ಟಿಪ್ಪರ್ ಹರಿದು ಬೈಕ್ ಸವಾರ ಚೇತನ್ ಕುಮಾರ್ ಸತ್ತಿದ್ದ. ಟಿಪ್ಪರ್ ಓಡಿಸಿದ ಆರೋಪದ ಮೇಲೆ ಪವಿತ್ರಾಳ ತಮ್ಮ ಲಿಂಗರಾಜು ಜೈಲಿನಲ್ಲಿದ್ದ. ತಾನು ಪಕ್ಕದ ಸೀಟಿನಲ್ಲಿದ್ದೆ, ಓಡಿಸುತ್ತಿದ್ದವನು ಜಲ್ಲಿ ಕ್ರಷರ್ ಮಾಲೀಕ ಷಣ್ಮುಖಪ್ಪನವರ ಮಗ ಸಾಗರ್ ಎಂದು ಅವನು ಹೇಳಿದ್ದ. ನಂಬಿದವರು ಕಡಿಮೆ.

ಅದು ನಿಜವೋ ಸುಳ್ಳೋ ಎಂದು ತೋರಿಸಬಲ್ಲದ್ದು ಒಂದೇ ಒಂದು. ಸ್ಟುಡಿಯೊದ ಹೊರಗೋಡೆಯ ಕ್ಯಾಮೆರಾ ಹಿಡಿದಿದ್ದ ದೃಶ್ಯ. ಅದು ಸೇರುತ್ತಿದ್ದದ್ದು ಈ ಪೆಟ್ಟಿಗೆಯೊಳಗಿನ ಹಾರ್ಡ್ ಡಿಸ್ಕಿಗೆ. ಶನಿವಾರ ಸಂಜೆ ಬಸವಪ್ರಸಾದನೇ ಪವಿತ್ರಾಳಿಗೆ ಫೋನ್ ಮಾಡಿ, "ನೋಡ್ದೆ ಕಣಮ್ಮ, ಸ್ಟೇರಿಂಗ್ ಕಡೆಯಿಂದ ಇಳಿದೋನು ನಿನ್ ತಮ್ಮ ಅಲ್ಲ" ಎಂದಿದ್ದ. ಸೋಮವಾರ ಮಾತು ಬದಲಾಯಿತು. ಕಾವು ಹೆಚ್ಚಾಗಿ ಡಿಸ್ಕ್ ಸುಟ್ಟುಹೋಗಿದೆ, ಫ್ಯಾನ್ ಹಾಕಿದವಳದೇ ತಪ್ಪು ಎಂದು ಪೊಲೀಸರಿಗೆ ಬರೆದುಕೊಟ್ಟ.

ಜಾಮೀನು ಅರ್ಜಿಯ ವಿಚಾರಣೆ ನಾಳೆ ಹನ್ನೊಂದು ಗಂಟೆಗೆ.

"ಕೂತ್ಕೋ ಪವಿತ್ರಾ" ಎಂದರು ನೀಲಾಂಬಿಕೆ.

ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ ನಿವೃತ್ತರಾದ ಹೆಂಗಸು ಅವರು. ಲಿಂಗರಾಜುವಿನ ವಕೀಲರು ಈ ಪೆಟ್ಟಿಗೆ ನೋಡಲು ಅವರನ್ನು ಕಳುಹಿಸಿದ್ದರು. ಬಂದ ಮುಕ್ಕಾಲು ಗಂಟೆಯಲ್ಲಿ ಅವರು ಕೇಳಿದ್ದು ಎರಡು ಪ್ರಶ್ನೆ, ಕುಡಿದದ್ದು ತಮ್ಮದೇ ಬಾಟಲಿಯ ನೀರು.

"ಕೂರಕ್ಕಾಗಲ್ಲ ಮೇಡಂ. ಊರೆಲ್ಲ ಹೇಳ್ಕಂಡು ಬತ್ತಾವ್ರೆ. ಮೂರು ಜನ ಅಡ್ವಾನ್ಸ್ ವಾಪಸ್ ಇಸ್ಕಂಡ್ ಹೋದ್ರು. ಅದು ಹೋಗ್ಲಿ. ನನ್ನ ತಮ್ಮನ್ನ ನಾನೇ ಒಳಕ್ಕೆ ಹಾಕ್ಸಿದಂಗೆ ಮಾಡವ್ರೆ."

"ಹೆಂಗಸು ಜೋಡ್ಸಿದ್ ಮೆಷಿನ್ನು ತಗಬ್ಯಾಡ ಅಂತ ಆವತ್ತೇ ನಾಕು ಜನ ಹೇಳುದ್ರು ಮೇಡಂ. ನಾನು ಕೇಳ್ನಿಲ್ಲ" ಎಂದ ಬಸವಪ್ರಸಾದ್, ನೀಲಾಂಬಿಕೆಯವರ ಕಡೆ ತಿರುಗಿ.

"ಆರು ತಿಂಗಳು ಇದ್ರಲ್ಲೇ ಮದುವೆ ವಿಡಿಯೊ ಎಡಿಟ್ ಮಾಡುದ್ರಲ್ಲ ಬಸವಪ್ರಸಾದ್ ಅವ್ರೆ, ಅಷ್ಟು ದಿನ ಇದನ್ನ ಗಂಡಸು ಜೋಡ್ಸಿದ್ದು ಅನ್ಕಂಡಿದ್ರಾ?"

ಕಳೆದ ವಾರದವರೆಗೂ ಅವಳು ಅವನನ್ನು ಪ್ರಸಾದಣ್ಣ ಎನ್ನುತ್ತಿದ್ದಳು. ಅದು ಅವನಿಗೂ ಗೊತ್ತಾಯಿತು. ಮುಖ ತಿರುಗಿಸಿದ.

ನೀಲಾಂಬಿಕೆ ಗೋಡೆಗೆ ಒರಗಿಸಿದ್ದ ಬಾಗಿಲನ್ನು ಎತ್ತಿ ಬೆಳಕಿಗೆ ಹಿಡಿದರು. ಅದರ ಒಳಮೈಗೆ ಒಂದು ಹಾಳೆ ಅಂಟಿಸಿತ್ತು. ಪೆಟ್ಟಿಗೆಯ ಅಡ್ಡನೋಟವನ್ನು ಸ್ಕೇಲ್ ಹಿಡಿದು ಬರೆದಿದ್ದರು. ಮುಂದೆ ಮೇಲೊಂದು ಕೆಳಗೊಂದು ಫ್ಯಾನು, ಎರಡಕ್ಕೂ ಒಳಮುಖದ ನೀಲಿ ಬಾಣ. ಹಿಂದೊಂದು, ನೆತ್ತಿಯ ಮೇಲೊಂದು, ಅವಕ್ಕೆ ಹೊರಮುಖದ ಕೆಂಪು ಬಾಣ.

"ನೀನು ಬರೆದದ್ದಾ?"

"ನಾನು ಜೋಡ್ಸೋ ಎಲ್ಲಾ ಮೆಷಿನ್ನಿಗೂ ಬರಿತೀನಿ. ನಾಳೆ ಇನ್ಯಾರೋ ಬಿಚ್ಚುದ್ರೂ ಗಾಳಿ ಯಾವ ಕಡೆ ಹೋಗ್ಬೇಕು ಅಂತ ಗೊತ್ತಾಗ್ಲಿ ಅಂತ. ತಣ್ಣಗಿರೋದು ಮುಂದಿನಿಂದ ಒಳಕ್ಕೆ. ಬಿಸಿ ಹಿಂದ್ಲಿಂದ, ಮೇಲಿಂದ ಆಚೆಗೆ. ಶೀಟಿನ ಮಾಡು ಅಂತ ನೋಡ್ಕಂಡು ಹೋಗಿ ಎರಡು ದಿನ ಕೂತು ಪ್ಲಾನ್ ಮಾಡಿವ್ನಿ ಮೇಡಂ ಇದನ್ನ."

"ಪೇಪರ್ ಮ್ಯಾಲೆ ಏನ್ ಬೇಕಾದ್ರೂ ಬರಿಬೌದು" ಎಂದ ಬಸವಪ್ರಸಾದ್. "ಒಳಗೆ ಏನ್ ಮಾಡಿದ್ದೀ ಅನ್ನೋದಲ್ವಾ ಮುಖ್ಯ. ಸೋಮವಾರ ಮೈಸೂರು ಮೆಕಾನಿಕ್ ಬಂದು ನೋಡಿ ನಕ್ಬುಟ್ಟ. ಕೆಳಗ್ಲು ಫ್ಯಾನು ಉಲ್ಟಾ."

ಅಷ್ಟು ಮಟ್ಟಿಗೆ ಅವನ ಮಾತು ನಿಜವಾಗಿತ್ತು.

ಕಂಪ್ಯೂಟರಿನ ಫ್ಯಾನಿಗೆ ಮುಖ ಬೇರೆ, ಬೆನ್ನು ಬೇರೆ. ರೆಕ್ಕೆಗಳು ತೆರೆದು ಕಾಣುವುದು ಮುಖ. ನಾಲ್ಕು ಕಡ್ಡಿಗಳು ನಡುವಿನ ಮೋಟರನ್ನು ಹಿಡಿದುಕೊಂಡಿರುವುದು ಬೆನ್ನು. ಗಾಳಿ ಮುಖದಿಂದ ಒಳಹೊಕ್ಕು ಬೆನ್ನಿನಿಂದ ಹೊರಡುತ್ತದೆ. ಮುಂದಿನ ಎರಡು ಫ್ಯಾನುಗಳಲ್ಲಿ ಮೇಲಿನದರ ಬೆನ್ನು ಪೆಟ್ಟಿಗೆಯ ಒಳಗಡೆ ಇತ್ತು, ಸರಿ. ಕೆಳಗಿನದರ ಬೆನ್ನು ಹೊರಗಡೆಗಿತ್ತು.

ನೀಲಾಂಬಿಕೆ ದೇವರ ಪಟದ ಕೆಳಗಿದ್ದ ಊದುಬತ್ತಿ ಪೊಟ್ಟಣದಿಂದ ಒಂದನ್ನು ಎಳೆದು ಹಚ್ಚಿದರು.

"ಮೆಷಿನ್ ಆನ್ ಮಾಡಿ."

ಬಸವಪ್ರಸಾದ್ ಗುಂಡಿ ಒತ್ತಿದ. ಕೆಲವು ಸೆಕೆಂಡುಗಳಲ್ಲೇ ಮುಂದಿನ ಫ್ಯಾನುಗಳು ಜೋರಾಗಿ ಕೂಗತೊಡಗಿದವು. ನೀಲಾಂಬಿಕೆ ಊದುಬತ್ತಿಯನ್ನು ಮೇಲಿನ ಫ್ಯಾನಿನ ಮುಂದೆ ಹಿಡಿದರು. ಹೊಗೆ ಗೆರೆ ಎಳೆದಂತೆ ಒಳಗೆ ಹೋಯಿತು. ಕೆಳಗಿನದರ ಮುಂದೆ ಹಿಡಿದರು. ಹೊಗೆ ಹಿಮ್ಮೆಟ್ಟಿ, ಮೇಲಕ್ಕೆ ಬಾಗಿ, ಮೇಲಿನ ಫ್ಯಾನಿನ ಬಾಯಿಗೆ ಸೇರಿತು.

"ನೋಡುದ್ರಾ ಮೇಡಂ? ಕೆಳಗ್ಲಿಂದ ಬಿಟ್ಟ ಬಿಸೀನ ಮ್ಯಾಲಿಂದು ಮತ್ತೆ ಒಳಕ್ಕೆ ಎಳ್ಕತಾ ಕೂತದೆ. ಡಿಸ್ಕ್ ಸುಡದೆ ಇನ್ನೇನಾಯ್ತದೆ?"

ಪವಿತ್ರಾಳ ಕಿವಿಗಳು ಕೆಂಪಾಗಿದ್ದವು. ಆದರೆ ಈ ಸಲ ಅವಳು ಮೇಜಿಗೆ ಹೊಡೆಯಲಿಲ್ಲ.

"ಸರಿ. ಉಲ್ಟಾ ಅದೆ. ಒಪ್ಕತೀನಿ. ಯಾವತ್ತಿಂದ ಉಲ್ಟಾ ಅದೆ?"

"ನೀನು ಹಾಕ್ದಾಗಿಂದ."

"ಪ್ರತಿ ಶುಕ್ರವಾರ ಪೂಜೆ ಮಾಡ್ತೀರಲ್ಲ, ಈ ಮೆಷಿನ್ನಿಗೆ?"

"ಮಾಡ್ತೀನಿ. ಅನ್ನ ಕೊಡೋ ಮೆಷಿನ್ನು. ಏನೀಗ?"

"ಸಾಂಬ್ರಾಣಿ ಎಲ್ಲಿ ಇಡ್ತೀರಿ?"

ಉತ್ತರ ಮೇಜಿನ ಮೇಲೇ ಇತ್ತು. ಪೆಟ್ಟಿಗೆಯ ಮುಂದೆ, ಗೇಣು ದೂರದಲ್ಲಿ, ಧೂಪದ ಬಟ್ಟಲು ಇಟ್ಟು ಇಟ್ಟು ಮರ ಕಪ್ಪಾಗಿ ದುಂಡಗೆ ಗುರುತು ಬಿದ್ದಿತ್ತು.

"ಇಡಬ್ಯಾಡಿ ಅಂತ ನಾನು ಎಷ್ಟು ಸಲ ಹೇಳಿದ್ದೆ? ಹೊಗೆ ಎಲ್ಲಾ ಒಳಕ್ಕೆ ಎಳ್ಕತದೆ, ಜಿಗಟು ಕೂತ್ಕತದೆ ಅಂತ. ಕೇಳುದ್ರಾ? ಕೇಳ್ದೆ ಇದ್ದದ್ದೇ ಒಳ್ಳೇದಾಯ್ತು ಬುಡಿ."

ಅವಳು ಪೆಟ್ಟಿಗೆಯ ಮುಂಭಾಗದ ಧೂಳುಜಾಲರಿಯನ್ನು ಕಿತ್ತು ನೀಲಾಂಬಿಕೆಯವರ ಕೈಗೆ ಕೊಟ್ಟಳು. ಎರಡೂ ಫ್ಯಾನು ಮುಚ್ಚುವಷ್ಟು ಉದ್ದದ ನೈಲಾನ್ ಜಾಲರಿ. ಹೊರಮೈ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಕಂದುಬಣ್ಣಕ್ಕೆ ತಿರುಗಿ ಜಿಗಿಜಿಗಿ ಎನ್ನುತ್ತಿತ್ತು. ಮೂಗಿಗೆ ಹಿಡಿದರೆ ಸಾಂಬ್ರಾಣಿಯ ವಾಸನೆ.

ನೀಲಾಂಬಿಕೆ ಅದನ್ನು ತಿರುಗಿಸಿದರು. ಒಳಮೈ ಹೆಚ್ಚುಕಡಿಮೆ ಬಿಳಿಯಾಗಿಯೇ ಇತ್ತು.

"ಕೆಳಗಿನ ಫ್ಯಾನು ಮೊದಲಿನಿಂದಲೂ ಹೊರಗೆ ಊದುತ್ತಿದ್ದರೆ, ಜಾಲರಿಯ ಕೆಳಗಿನ ಅರ್ಧಕ್ಕೆ ಹೊರಗಿನಿಂದ ಹೊಗೆ ಅಂಟುತ್ತಿರಲಿಲ್ಲ" ಎಂದರು ಅವರು, ಬಸವಪ್ರಸಾದನಿಗೆ. "ಒಳಗಿನಿಂದ ಧೂಳು ಅಂಟಬೇಕಿತ್ತು. ಇಲ್ಲಿ ಎರಡೂ ಅರ್ಧ ಒಂದೇ ಥರ ಇವೆ. ಆರು ತಿಂಗಳು ಎರಡೂ ಫ್ಯಾನು ಒಳಗೇ ಎಳೆದಿವೆ. ಕಡೇ ಪೂಜೆ ಯಾವಾಗ ಮಾಡಿದ್ರಿ?"

"ಹೋದ ಶುಕ್ರವಾರ."

"ಅಪಘಾತದ ಹಿಂದಿನ ದಿನ."

"ಹೂಂ."

"ಅಂದ ಮೇಲೆ ಇದನ್ನು ತಿರುಗಿಸಿದ್ದು ಆಮೇಲೆ."

ಫ್ಯಾನುಗಳ ಕೂಗು ಕೋಣೆಯನ್ನು ತುಂಬಿಕೊಂಡಿತ್ತು. ಬಸವಪ್ರಸಾದ್ ಹಣೆ ಒರೆಸಿಕೊಂಡ. "ಅಯ್ಯೋ, ಇದೊಂದು ತಲೆನೋವು. ಭಾನುವಾರದಿಂದ ಹಿಂಗೇ ಕೂಗ್ತದೆ. ಆಫ್ ಮಾಡ್ಲಾ?"

"ಬ್ಯಾಡ" ಎಂದಳು ಪವಿತ್ರಾ.

ಅವಳ ದನಿ ಬದಲಾಗಿತ್ತು. ಸಿಟ್ಟು ಇಳಿದಿರಲಿಲ್ಲ, ಒಂದೇ ಕಡೆ ಕೂಡಿಕೊಂಡಿತ್ತು.

"ಯಾವತ್ತಿಂದ ಅಂದ್ರಿ?"

"ಏನು?"

"ಕೂಗಾದು. ಯಾವತ್ತಿಂದ?"

ಪವಿತ್ರಾ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು. "ಮೇಡಂ, ಆ ಹಾಳೆ ಕೆಳಗಡೆ ಒಂದು ಪಟ್ಟಿ ಅದೆ, ನೋಡಿ. ಯಾವ ಕಾವಿಗೆ ಯಾವ ಫ್ಯಾನು ಎಷ್ಟು ತಿರುಗ್ಬೇಕು ಅಂತ. ಸುಮ್ನೆ ಎಲ್ಲಾನೂ ಜೋರಾಗಿ ಬಿಟ್ಟುಬಿಟ್ರೆ ಸದ್ದು, ಧೂಳು. ಇವ್ರು ಇಲ್ಲೇ ಕೂತು ಹಾಡಿಗೆ ವಿಡಿಯೊ ಹೊಂದಿಸ್ಬೇಕು, ಸದ್ದಾಗಬಾರ್ದು ಅಂದಿದ್ರು. ಅದಕ್ಕೆ ಮುಂದಿನ ಎರಡೂ ಫ್ಯಾನು ಹಾರ್ಡ್ ಡಿಸ್ಕ್ ಕಾವು ನೋಡ್ಕಂಡು ತಿರುಗೋ ಥರ ಮಾಡ್ದೆ. ಡಿಸ್ಕ್ ಬಿಸಿಯಾದ್ರೆ ಜೋರು, ತಣ್ಣಗಿದ್ರೆ ಮೆತ್ತಗೆ."

"ಡಿಸ್ಕ್ ತನ್ನ ಕಾವು ಹೇಳದೇ ಹೋದರೆ?"

"ಅದನ್ನೂ ಬರ್ದಿವ್ನಿ ನೋಡಿ, ಕಡೇ ಸಾಲು."

ನೀಲಾಂಬಿಕೆ ಕನ್ನಡಕ ಸರಿಮಾಡಿಕೊಂಡು ಓದಿದರು. ಡಿಸ್ಕಿನ ಕಾವು ಸಿಗದಿದ್ದರೆ ಮುಂದಿನ ಎರಡೂ ಪೂರ್ತಿ ವೇಗ.

"ಡಿಸ್ಕ್ ಸತ್ತಿದ್ರೂ ಕಾವು ಹೇಳಲ್ಲ" ಎಂದ ಬಸವಪ್ರಸಾದ್. "ಅದಕ್ಕೇ ಕೂಗ್ತದೆ. ಇದ್ರಲ್ಲಿ ಏನದೆ?"

"ಸಾಯೋಕೆ ಮುಂಚೆ ಕಾವೇರಿರ್ಬೇಕಲ್ಲ. ಐದೈದು ನಿಮಿಷಕ್ಕೂ ಬರ್ಕತದೆ ಇದು. ಬೇರೆ ಸಣ್ಣ ಡ್ರೈವಲ್ಲಿ. ಅದನ್ನ ಯಾರೂ ಮುಟ್ಟಿಲ್ಲ. ನಿಮ್ಗೆ ಅದು ಇರೋದೇ ಗೊತ್ತಿರ್ನಿಲ್ಲ."

ಪರದೆಯ ಮೇಲೆ ಉದ್ದನೆಯ ಪಟ್ಟಿ ತೆರೆದುಕೊಂಡಿತು. ಅವಳು ಬೆರಳಿಟ್ಟು ಓದಿದಳು.

"ಭಾನುವಾರ ಮಧ್ಯಾಹ್ನ ಮೂರೂ ಹತ್ತು. ಡಿಸ್ಕ್ ಮೂವತ್ತೆಂಟು ಡಿಗ್ರಿ. ಮೂರೂ ಹದಿನೈದು, ಮೂವತ್ತೆಂಟು. ಮೂರೂ ಇಪ್ಪತ್ತು, ಮೂವತ್ತೆಂಟು. ಎರಡು ಫ್ಯಾನೂ ನಿಮಿಷಕ್ಕೆ ಏಳ್ನೂರು ಚಿಲ್ಲರೆ ಸುತ್ತು. ಅಲ್ಲಿಗೆ ನಿಂತೋಯ್ತು. ಆಮೇಲೆ ನಾಕೂ ಐದಕ್ಕೆ ಶುರು. ಡಿಸ್ಕ್ ಜಾಗ ಖಾಲಿ. ಫ್ಯಾನು ಸಾವಿರದೈನೂರು."

ಅವಳು ಕುರ್ಚಿಯನ್ನು ತಿರುಗಿಸಿದಳು.

"ಮೂವತ್ತೆಂಟು ಡಿಗ್ರಿ ಕಣ್ರೀ. ಸಣ್ಣ ಜ್ವರ ಬಂದೋರ ಮೈ ಕಾವು. ಇದಕ್ಕೆ ಡಿಸ್ಕ್ ಸುಟ್ಟೋಯ್ತಾ? ಯಾರ ಕಿವೀಗೆ ಹೂ ಮುಡಿಸ್ತಾ ಇದ್ದೀರಿ?"

"ಮೂರೂ ಇಪ್ಪತ್ತಕ್ಕೂ ನಾಲ್ಕೂ ಐದಕ್ಕೂ ನಡುವೆ ಮೆಷಿನ್ ಆಫ್ ಆಗಿದೆ" ಎಂದರು ನೀಲಾಂಬಿಕೆ. ಅವರ ದನಿ ಮೊದಲಿನಷ್ಟೇ ಸಮ. "ನಲವತ್ತೈದು ನಿಮಿಷ. ನೀವು ಬರೆದುಕೊಟ್ಟ ಹೇಳಿಕೆಯಲ್ಲಿ ಡಿಸ್ಕ್ ಕೆಟ್ಟಿದ್ದು ಸೋಮವಾರ ಬೆಳಿಗ್ಗೆ."

"ನೋಡಿದ್ದು ಸೋಮವಾರ."

"ಭಾನುವಾರದಿಂದ ಕೂಗುತ್ತಿದೆ ಎಂದು ಈಗ ನೀವೇ ಹೇಳಿದ್ರಿ."

"ಬಾಯಿ ತಪ್ಪಿ ಬಂತು."

"ಅದೇ ಹೇಳಿಕೆಯಲ್ಲಿ, ಭಾನುವಾರ ಬೆಳಿಗ್ಗೆಯಿಂದ ರಾತ್ರಿಯವರೆಗೆ ಪಿರಿಯಾಪಟ್ಟಣದಲ್ಲಿ ಮದುವೆ ಶೂಟಿಂಗ್ ಇತ್ತು, ಸ್ಟುಡಿಯೊ ಬೀಗ ಹಾಕಿತ್ತು, ಕೀ ನನ್ನ ಹತ್ತಿರವೇ ಇತ್ತು ಎಂದು ಬರೆದಿದ್ದೀರಿ. ಬೀಗ ಹಾಕಿದ್ದ ಕೋಣೆಯಲ್ಲಿ ಫ್ಯಾನ್ ಕೂಗಿದ್ದು ಪಿರಿಯಾಪಟ್ಟಣಕ್ಕೆ ಕೇಳಿಸ್ತಾ?"

"ನನ್ನೇ ಕಳ್ಳ ಮಾಡ್ತಾ ಇದ್ದೀರಾ?" ಬಸವಪ್ರಸಾದ್ ಎದ್ದು ನಿಂತ. ಅವನ ಸಿಟ್ಟು ಅಲ್ಲಿಯವರೆಗೆ ತೋರಿಕೆಯದಾಗಿತ್ತು, ಈಗ ನಿಜವಾದದ್ದು ಬಂದಿತ್ತು. "ನನ್ನ ಕ್ಯಾಮೆರಾ, ನನ್ನ ಮೆಷಿನ್ನು. ಬೇಕು ಅಂದಿದ್ರೆ ಶನಿವಾರವೇ ಅಳಿಸಾಕ್ತಿದ್ದೆ. ಇವಳಿಗೆ ಫೋನ್ ಮಾಡಿ ಹೇಳ್ತಿದ್ನಾ?"

"ಅದೇ ನಂಗೂ ಅರ್ಥ ಆಗ್ತಾ ಇಲ್ಲ" ಎಂದರು ನೀಲಾಂಬಿಕೆ. ಅವರು ಅದನ್ನು ಕುಹಕವಾಗಿ ಹೇಳಲಿಲ್ಲ.

"ಷಣ್ಮುಖಪ್ಪೋರ ಕಡೆಯೋರು ಬಂದಿದ್ರಾ?" ಪವಿತ್ರಾ ಅವನ ಎದುರಿಗೆ ಬಂದು ನಿಂತಳು. "ಬಂದಿದ್ರೆ ಹೇಳಿಬುಡಿ. ಎದ್ರುಸುದ್ರಾ? ನನ್ ತಮ್ಮಂಗೆ ಇಪ್ಪತ್ಮೂರು ವರ್ಷ. ಒಳಗೆ ಅನ್ನ ಮುಟ್ತಾ ಇಲ್ವಂತೆ. ನಿಮ್ಮ ಮಗಳ ನಾಮಕರಣದಲ್ಲಿ ಶಾಮಿಯಾನ ಕಟ್ಟಿದೋನು ಅವ್ನು."

"ಬಂದಿದ್ರು" ಎಂದ ಬಸವಪ್ರಸಾದ್. "ಭಾನುವಾರ ಸಂಜೆ ಆರಕ್ಕೆ. ನಾಕು ಜನ. ನಾನು ಅಷ್ಟೊತ್ತಿಗೆ ಪಿರಿಯಾಪಟ್ಟಣದಿಂದ ಬಂದುಬುಟ್ಟಿದ್ದೆ. ಡಿಸ್ಕ್ ಕೊಡು ಅಂದ್ರು. ಕೆಟ್ಟೋಗದೆ ಅಂದೆ. ಆನ್ ಮಾಡಿ ನೋಡಿ, ಬೈಕಂಡು ಹೋದ್ರು."

"ಆರು ಗಂಟೆಗೆ" ಎಂದರು ನೀಲಾಂಬಿಕೆ. "ಡಿಸ್ಕ್ ನಾಲ್ಕು ಗಂಟೆಗೇ ಸುಮ್ಮನಾಗಿದೆ. ಅದಕ್ಕೆ ಮುಂಚೆ ಇಲ್ಲಿಗೆ ಬಂದವರು ಯಾರು?"

ಬಸವಪ್ರಸಾದ್ ಬಗ್ಗಿ, ನೆಲಕ್ಕೆ ಬಿದ್ದಿದ್ದ ಲೆನ್ಸಿನ ಮುಚ್ಚಳ ಎತ್ತಿಕೊಂಡ.

"ಕೀ ಯಾರಿಗೆ ಕೊಟ್ಟಿದ್ರಿ?"

ಅವನು ಮುಚ್ಚಳದ ಧೂಳು ಒರೆಸತೊಡಗಿದ.

ನೀಲಾಂಬಿಕೆ ಪವಿತ್ರಾಳ ಕಡೆ ತಿರುಗಿದರು. "ಡಿಸ್ಕ್ ಹೊರಗೆ ತೆಗೀಬೇಕು. ಹೇಗೆ?"

"ಅದು ಕೆಳಗ್ಲು ಫ್ಯಾನಿನ ಹಿಂದುಗಡೆ ಗೂಡಲ್ಲಿ ಅದೆ. ಡಿಸ್ಕ್ ಎಳೀಬೇಕು ಅಂದ್ರೆ ಫ್ಯಾನು ಬಿಚ್ಚಲೇಬೇಕು."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಅರ್ಥವಾಯಿತು. ಫ್ಯಾನು ತಿರುಗಿಸಿದವರು ಅವಳ ಹೆಸರು ಕೆಡಿಸಲು ತಿರುಗಿಸಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಡಿಸ್ಕು. ಬಿಚ್ಚಿದ್ದನ್ನು ಮತ್ತೆ ಹಾಕುವಾಗ ಕೆಳಗಿನದು ತಿರುಗುಮುರುಗಾಗಿತ್ತು.

"ಬಿಚ್ಚು" ಎಂದರು ನೀಲಾಂಬಿಕೆ.

ಪವಿತ್ರಾ ಮೆಷಿನ್ ಆರಿಸಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಬಸವಪ್ರಸಾದ್ ಅದನ್ನೇ ನೋಡುತ್ತಿದ್ದ.

"ಟೀ ಹೇಳ್ಬುಟ್ಟು ಬತ್ತೀನಿ" ಎಂದು ಹೊರಗೆ ಹೋದ.

ಗಾಜಿನ ಬಾಗಿಲಿನಾಚೆ ಅವನು ಕಾಣುತ್ತಿದ್ದ. ಟೀ ಅಂಗಡಿ ಬಲಗಡೆಗಿತ್ತು. ಅವನು ಎಡಗಡೆ ಹೋಗಿ, ವಿದ್ಯುತ್ ಕಂಬದ ಪಕ್ಕ ನಿಂತು, ಬೆನ್ನು ಈ ಕಡೆ ಮಾಡಿ ಫೋನ್ ಕಿವಿಗಿಟ್ಟುಕೊಂಡ. ನೀಲಾಂಬಿಕೆ ಕೈಗಡಿಯಾರ ನೋಡಿಕೊಂಡರು. ಮೂರೂ ಹನ್ನೆರಡು.

"ಷಣ್ಮುಖಪ್ಪೋರಿಗೆ ಸುದ್ದಿ ಮುಟ್ಟುಸ್ತಾ ಅವ್ನೆ" ಎಂದಳು ಪವಿತ್ರಾ. ಸ್ಕ್ರೂ ತಿರುಗಿಸುತ್ತಲೇ ಮಾತಾಡಿದಳು. "ಅವ್ವಂಗೆ ನಾನು ಇಲ್ಲಿಗೆ, ಕೋಟೆಗೆ ಬರೋದೂ ಹೇಳಿಲ್ಲ ಮೇಡಂ. ಮೈಸೂರಿಗೆ, ವಕೀಲರ ಹತ್ರ ಅಂತ ಹೇಳಿ ಬಂದಿವ್ನಿ. ಇಲ್ಲಿಗೆ ಅಂದ್ರೆ ಅಳ್ತಾ ಕೂತ್ಕತಾಳೆ. ಐದು ದಿನದಿಂದ ಅದೇ."

"ನಿನ್ನ ಅಂಗಡೀಲಿ ಇನ್ಯಾರು ಕೆಲಸ ಮಾಡ್ತಾರೆ?"

"ಯಾರೂ ಇಲ್ಲ. ಹೊಗೆಸೊಪ್ಪಿನ ಕೆಲಸ ಇಲ್ದಾಗ ಅವ್ವ ಬತ್ತಾಳೆ. ಹಳೇ ಮೆಷಿನ್ ಬಿಚ್ಚಿ ಧೂಳು ಹೊಡಿತಾಳೆ, ವೈರ್ ಕಟ್ಟಿಕೊಡ್ತಾಳೆ. ಈ ಮೆಷಿನ್ ಅವ್ಳು ಮುಟ್ಟಿಲ್ಲ. ಇದನ್ನ ಜೋಡ್ಸಿದ್ದು ಸೆಪ್ಟೆಂಬರಲ್ಲಿ. ಆಗ ಸೊಪ್ಪು ಬೇಯಿಸೋ ಕಾಲ, ಅವ್ವ ಹಗಲೂ ರಾತ್ರಿ ಬ್ಯಾರನ್ ಮನೆ ಒಲೆ ಹತ್ರ."

ನಾಲ್ಕು ಸ್ಕ್ರೂಗಳೂ ಬಂದವು. ಫ್ಯಾನು ಹೊರಬರಲಿಲ್ಲ. ಅದರ ವೈರನ್ನು ಗೂಡಿನ ಹಿಂಬದಿಗೆ ಯಾವುದಕ್ಕೋ ಕಟ್ಟಿತ್ತು. ಪವಿತ್ರಾ ಫ್ಯಾನನ್ನು ಹಾಗೇ ಪಕ್ಕಕ್ಕೆ ಓರೆಯಾಗಿಸಿ, ಕೈ ತೂರಿಸಿ ಡಿಸ್ಕನ್ನು ಎಳೆದಳು.

"ಹಾಳೆ ಮ್ಯಾಲೆ ಡಿಸ್ಕ್ ನಂಬರ್ ಬರ್ದಿವ್ನಿ ಮೇಡಂ. ಕಡೇ ನಾಲ್ಕು ಅಂಕಿ ಓದಿ."

"ನಾಲ್ಕು, ಒಂದು, ಒಂಬತ್ತು, ಆರು."

ಪವಿತ್ರಾ ಡಿಸ್ಕನ್ನು ತಿರುಗಿಸಿ ಚೀಟಿ ನೋಡಿದಳು. ಎರಡು ಸಲ ನೋಡಿದಳು.

"ಇದಲ್ಲ. ಇದು ನಂದಲ್ಲ ಮೇಡಂ. ಇದು ಯಾವ್ದೋ ಹಳೇ ಸತ್ತ ಡಿಸ್ಕು. ನಮ್ಮ ಡಿಸ್ಕ್ ಕೆಟ್ಟಿಲ್ಲ. ಅದು ಎಲ್ಲೋ ಅದೆ. ಲಿಂಗರಾಜು ಬತ್ತಾನೆ. ನಾಳೆನೇ ಬತ್ತಾನೆ."

ನೀಲಾಂಬಿಕೆ ಡಿಸ್ಕನ್ನು ಕರವಸ್ತ್ರದಲ್ಲಿ ಹಿಡಿದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು. ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಅವರು ಎರಡು ಫ್ಯಾನುಗಳನ್ನೇ ನೋಡುತ್ತಿದ್ದರು.

"ಒಂದು ವಿಷಯ ನನ್ನ ತಲೆಯಲ್ಲಿ ಕೂರ್ತಾ ಇಲ್ಲ. ಗೂಡಿಗೆ ಕೈ ಹಾಕೋಕೆ ಎರಡು ಫ್ಯಾನೂ ಬಿಚ್ಚಿದ್ದಾರೆ, ಮೇಲಿನದರ ಸ್ಕ್ರೂಗಳಲ್ಲೂ ಹೊಸ ಗೀರಿದೆ. ಅವಸರದಲ್ಲಿ ಹಾಕಿದ್ದರೆ ಎರಡೂ ತಪ್ಪಾಗಬೇಕಿತ್ತು, ಇಲ್ಲ ಎರಡೂ ಸರಿಯಾಗಬೇಕಿತ್ತು. ಮೇಲಿನದನ್ನು ಈ ಕಡೆಗೆ ಹಾಕಿದ ಕೈ ಕೆಳಗಿನದನ್ನು ಆ ಕಡೆಗೆ ಯಾಕೆ ಹಾಕಿತು? ಒಂದು ಈಚೆ, ಒಂದು ಆಚೆ. ಅಭ್ಯಾಸ ಇರೋರ ಥರ."

ಪವಿತ್ರಾ ಕೇಳಿಸಿಕೊಂಡಂತೆ ಕಾಣಲಿಲ್ಲ. ಫ್ಯಾನಿನ ವೈರ್ ಬಿಡಿಸಲು ಮೊಬೈಲಿನ ಬೆಳಕು ಬಿಟ್ಟು ಗೂಡಿನೊಳಗೆ ಬಗ್ಗಿದಳು.

ಅವಳು ಅಲ್ಲಿ ಹಾಕಿದ್ದು ಕಪ್ಪು ಪ್ಲಾಸ್ಟಿಕ್ ಪಟ್ಟಿ. ಒಮ್ಮೆ ಬಿಗಿದರೆ ಕತ್ತರಿಸಿಯೇ ತೆಗೆಯಬೇಕು. ಅದನ್ನು ಕತ್ತರಿಸಿದ್ದರು. ಆ ಜಾಗದಲ್ಲಿ ವೈರನ್ನು ದಾರದಿಂದ ಕಟ್ಟಿದ್ದರು. ದಪ್ಪ, ಬಿಳಿ ನೂಲಿನ ದಾರ.

ಹುಣಸೂರು, ಪಿರಿಯಾಪಟ್ಟಣ ಕಡೆ ಆ ದಾರ ಗೊತ್ತಿಲ್ಲದವರಿಲ್ಲ. ಹೊಗೆಸೊಪ್ಪನ್ನು ಬ್ಯಾರನ್ನಿಗೆ ಏರಿಸುವ ಮುಂಚೆ ಹೆಂಗಸರು ಸಾಲಾಗಿ ಕೂತು ಎಲೆಗಳನ್ನು ಉದ್ದನೆಯ ಕಡ್ಡಿಗೆ ಕಟ್ಟುವುದು ಅದರಿಂದಲೇ. ಒಂದು ಹಿಡಿ ಎಲೆ ಕಡ್ಡಿಯ ಈಚೆಗೆ, ಮುಂದಿನ ಹಿಡಿ ಆಚೆಗೆ, ಮತ್ತೊಂದು ಈಚೆಗೆ. ಬೆಳಗಿನಿಂದ ಸಂಜೆಯವರೆಗೆ. ಕೈ ಅದನ್ನು ಕಲಿತ ಮೇಲೆ ತಲೆಯನ್ನು ಕೇಳುವುದಿಲ್ಲ. ಗಂಟೂ ಹಾಗೆಯೇ. ಎಷ್ಟು ಭಾರವಾದರೂ ಜಾರುವುದಿಲ್ಲ, ತುದಿ ಹಿಡಿದು ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ.

ಪವಿತ್ರಾ ತುದಿ ಹಿಡಿದು ಎಳೆಯಲಿಲ್ಲ. ಬೆಳಕನ್ನು ಹತ್ತಿರ ತಂದಳು. ಸುತ್ತು ಬಲದಿಂದ ಎಡಕ್ಕೆ ಹೋಗಬೇಕಿತ್ತು. ಇದು ಎಡದಿಂದ ಬಲಕ್ಕೆ ಹೋಗಿತ್ತು.

ಅವಳು ತಲೆ ಎತ್ತಿದಾಗ ಮುಖದಲ್ಲಿದ್ದ ಸಿಟ್ಟು ಅಲ್ಲಿರಲಿಲ್ಲ.

"ಏನಾಯ್ತು?"

"ಏನಿಲ್ಲ. ದಾರ."

ನೀಲಾಂಬಿಕೆ ಬಗ್ಗಿ ನೋಡಿದರು. ಮೂರು ಫೋಟೊ ತೆಗೆದರು. ಚಿಕ್ಕ ಕತ್ತರಿಯಿಂದ ದಾರವನ್ನು ಗಂಟಿಲ್ಲದ ಕಡೆ ಕತ್ತರಿಸಿ, ಗಂಟು ಕೆಡದಂತೆ ಎತ್ತಿ, ಕಂದು ಲಕೋಟೆಯೊಳಗೆ ಇಳಿಸಿದರು.

"ಈ ಗಂಟು ಯಾರದು ಗೊತ್ತಾ?"

"ಈ ಕಡೆ ಸೊಪ್ಪು ಕಟ್ಟೋ ಹೆಂಗಸ್ರೆಲ್ಲ ಇಂಗೇ ಕಟ್ತಾರೆ ಮೇಡಂ."

"ಎಲ್ಲರೂ ಎಡಗೈಲಿ ಕಟ್ತಾರಾ?"

ಪವಿತ್ರಾ ಸ್ಕ್ರೂಗಳನ್ನು ಒಂದೊಂದಾಗಿ ಆಯ್ದು ಡಬ್ಬಿಗೆ ಹಾಕತೊಡಗಿದಳು. ಒಂದು ಕೈತಪ್ಪಿ ಉರುಳಿತು. ಅವಳು ಅದನ್ನು ಹುಡುಕಲಿಲ್ಲ.

"ಗೊತ್ತಿಲ್ಲ" ಎಂದಳು.

ಮೇಜಿನ ಮೇಲಿದ್ದ ಅವಳ ಫೋನ್ ನಡುಗಿತು. ಪರದೆಯ ಮೇಲೆ ಎರಡೇ ಅಕ್ಷರ. ಅವ್ವ.

ಹೊರಗೆ, ಕಂಬದ ಪಕ್ಕ, ಬಸವಪ್ರಸಾದ್ ಫೋನನ್ನು ಜೇಬಿಗೆ ಇಳಿಸುತ್ತಿದ್ದ. ಟೀ ಅಂಗಡಿಯ ಕಡೆ ಅವನು ಹೋಗಿಯೇ ಇರಲಿಲ್ಲ.

ಪವಿತ್ರಾ ಫೋನನ್ನು ಕಿವಿಗಿಟ್ಟುಕೊಂಡಳು. ಮೆಷಿನ್ ಆರಿತ್ತು. ಫ್ಯಾನುಗಳ ಕೂಗು ಇಲ್ಲದ ಆ ಕೋಣೆಯಲ್ಲಿ ಅವ್ವ ಚಿಕ್ಕಬೀರಮ್ಮನ ದನಿ ನೀಲಾಂಬಿಕೆಯವರಿಗೂ ಕೇಳುವಷ್ಟು ಸ್ಪಷ್ಟವಾಗಿತ್ತು.

"ಕ್ವಾಟೇಲಿ ಇದ್ದೀಯಂತಲ್ಲ ಮಗಾ. ಪ್ರಸಾದಪ್ಪೋರು ಫೋನ್ ಮಾಡಿದ್ರು. ಡಬ್ಬ ಬಿಚ್ಚಿಸ್ತಾವ್ರೆ ಅಂದ್ರು."

"ಅವ್ವಾ."

"ಬಿಚ್ಚಿದ್ದು ಬಿಚ್ಚಿದ್ದಾಯ್ತು ಬುಡು. ಆ ದಾರವ ಮಾತ್ರ ಆಯಮ್ಮನ ಕೈಗೆ ಕೊಡಬ್ಯಾಡ ಕಣವ್ವಾ."

ಪವಿತ್ರಾಳ ಕಣ್ಣು ಕಂದು ಲಕೋಟೆಯ ಮೇಲಿತ್ತು. ನೀಲಾಂಬಿಕೆ ಅದರ ಬಾಯಿ ಅಂಟಿಸಿ, ಮೇಲೆ ತಾರೀಖು, ಸಮಯ ಬರೆದಾಗಿತ್ತು.

"ಡಿಸ್ಕ್ ನಿನ್ ತಾವ ಅದಾ?" ಎಂದಳು ಪವಿತ್ರಾ. "ಅವ್ವಾ, ಅದಿದ್ರೆ ಅವ್ನು ನಾಳೆನೇ ಆಚೆಗೆ ಬತ್ತಾನೆ. ಎಲ್ಲಿ ಮಡಗಿದ್ದೀ?"

ಆ ಕಡೆ, ದೂರದಲ್ಲಿ ಯಾವುದೋ ಬಸ್ಸಿನ ಹಾರನ್ನು ಕೇಳಿಸಿತು. ಮನೆಯ ಹತ್ತಿರ ಬಸ್ಸು ಓಡಾಡುವ ರಸ್ತೆಯೇ ಇರಲಿಲ್ಲ.

"ಬರಬಾರ್ದು ಅಂತಲೇ ತಗದಿದ್ದು ಕಣವ್ವಾ" ಎಂದಳು ಚಿಕ್ಕಬೀರಮ್ಮ. "ಆಚೆ ಬಂದ್ರೆ ಷಣ್ಮುಖಪ್ಪೋರ ಕಡೆಯೋರು ಬುಡಲ್ಲ. ಅವ್ನು ಒಳಗಿದ್ರೇನೇ ಬದುಕೋದು."